ಉತ್ತರ: ಬ್ರೋಕನ್ ಹಿಲ್‌ನಲ್ಲಿ 10 ಗಂಟೆ ದಾಟಿದ್ರೂ ಮ್ಯೂಸಿಯಂ ತೆಗೆದಿರ್ಲಿಲ್ಲ

10ಕ್ಕೆ ತೆಗೀಬೇಕಿದ್ದ ಮ್ಯೂಸಿಯಂ ನಿಮ್ಮ ಫೋನಲ್ಲಿ 10:10 ಆದ್ರೂ ಬಾಗಿಲು ಹಾಕಿತ್ತು, ಬಂದ್ ಆಗಿದ್ಯಾ ಅಂತ ಕೇಳಿದ್ರಲ್ಲ. ಬಂದ್ ಆಗಿರ್ಲಿಕ್ಕಿಲ್ಲ, ನೀವೇ ಅಂದ್ಕೊಂಡಿದ್ದಕ್ಕಿಂತ ಅರ್ಧ ಗಂಟೆ ಮುಂಚೆ ಹೋಗಿರೋ ಸಾಧ್ಯತೆನೇ ಜಾಸ್ತಿ. ಆಸ್ಟ್ರೇಲಿಯಾದ ಗಣಿ ಊರು ಬ್ರೋಕನ್ ಹಿಲ್ ಇರೋದು ಸಿಡ್ನಿ ಇರೋ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲೇ ಆದ್ರೂ ಗಡಿಯಾರ ಮಾತ್ರ ಪಕ್ಕದ ಸೌತ್ ಆಸ್ಟ್ರೇಲಿಯಾ ರಾಜ್ಯದ ಅಡಿಲೇಡ್‌ದು, ಸಿಡ್ನಿಗಿಂತ 30 ನಿಮಿಷ ಹಿಂದೆ. ನೀವು ಸಿಡ್ನಿಯಿಂದ ಕಾರಲ್ಲಿ ಬಂದಿದೀವಿ ಅಂದ್ರಲ್ಲ, ಫೋನ್ ಇನ್ನೂ ಸಿಡ್ನಿ ಟೈಮೇ ತೋರಿಸ್ತಿದ್ರೆ ನಿಮ್ಮ 10:10 ಅಂದ್ರೆ ಅಲ್ಲಿ 9:40 ಅಷ್ಟೇ.

ಮೊದ್ಲು ಫೋನ್ ಸೆಟ್ಟಿಂಗ್ಸ್‌ಗೆ ಹೋಗಿ ಆಟೋಮ್ಯಾಟಿಕ್ ಟೈಮ್ ಝೋನ್ ಆಫ್ ಮಾಡಿ, ಕೈಯಾರೆ ಅಡಿಲೇಡ್ ಆರಿಸಿ (ಕೆಲವು ಫೋನಲ್ಲಿ ಬ್ರೋಕನ್ ಹಿಲ್ ಅಂತಲೇ ಇರುತ್ತೆ, ಮೆನು ಹೆಸರು ಸ್ವಲ್ಪ ಆಚೀಚೆ ಇರಬಹುದು), ಆಮೇಲೆ ಕಾರಿನ ಗಡಿಯಾರನೂ ಸರಿ ಮಾಡಿ, ಯಾಕಂದ್ರೆ ಡ್ರೈವ್ ಮಾಡ್ತಾ ಎಲ್ರೂ ನೋಡೋದು ಅದನ್ನೇ. ಎರಡೂ ರಾಜ್ಯದಲ್ಲಿ ಡೇಲೈಟ್ ಸೇವಿಂಗ್ (ಬೇಸಿಗೆಲಿ ಗಡಿಯಾರನ ಒಂದು ಗಂಟೆ ಮುಂದಿಡೋದು) ಇರೋದ್ರಿಂದ ಈ ಅರ್ಧ ಗಂಟೆ ವರ್ಷಪೂರ್ತಿ ಹಾಗೇ. ನಾಳೆ ಹೊರಡೋ ಮುಂಚೆ ಮ್ಯೂಸಿಯಂಗೆ ಒಂದು ಫೋನ್ ಹಾಕ್ಬಿಡಿ, ರಜೆ ಏನಾದ್ರೂ ಇದ್ರೆ ಅದೂ ಗೊತ್ತಾಗುತ್ತೆ.

ಪಕ್ಕದ ಸಿಲ್ವರ್ಟನ್ ಊರಿಗೆ ಹೋಗೋದಾದ್ರೆ 25 ಕಿಮೀ ಅಷ್ಟೇ, ಅಲ್ಲೂ ಇದೇ ಟೈಮ್. ಆದ್ರೆ ಮೆನಿಂಡಿ ಅನ್ನೋ ಊರಿನ ಕಡೆ ಹೋದ್ರೆ ಮತ್ತೆ ಸಿಡ್ನಿ ಟೈಮ್, ಅಲ್ಲಿಂದ ವಾಪಸ್ ಬರೋ ದಿನ ಟೂರ್ ಬುಕ್ ಮಾಡಿದ್ರೆ ಹುಷಾರು.

ಒಂದೇ ಮ್ಯೂಸಿಯಂಗೆ ಪುರುಸೊತ್ತಿದ್ರೆ ಸಲ್ಫೈಡ್ ಸ್ಟ್ರೀಟ್‌ನ ಹಳೇ ರೈಲ್ವೆ ಸ್ಟೇಷನ್ ನೋಡಿ, ಈಗ ಅದು ಮ್ಯೂಸಿಯಂ. ಅದಿರು ಸೌತ್ ಆಸ್ಟ್ರೇಲಿಯಾಕ್ಕೆ ಹೋಗ್ತಿದ್ದ ಲೈನ್ ಅದು, ಸಿಡ್ನಿಗೆ ನೇರ ರೈಲು ಬಂದಿದ್ದೇ 1927ರಲ್ಲಿ. ಊರು ಯಾಕೆ ಅಡಿಲೇಡ್ ಕಡೆ ವಾಲಿತ್ತು ಅಂತ ಅಲ್ಲೇ ಗೊತ್ತಾಗುತ್ತೆ. ಬೆಳ್ಳಿ ಮರ (ಬೆಳ್ಳಿಯಲ್ಲಿ ಮಾಡಿದ ಮರದ ಆಕಾರದ ಕಲಾಕೃತಿ) ನೋಡ್ಬೇಕು ಅಂದಿದ್ರಿ, ಅದಿರೋದು ಇಲ್ಲಲ್ಲ, ಆಲ್ಬರ್ಟ್ ಕರ್ಸ್ಟನ್ ಮ್ಯೂಸಿಯಂನಲ್ಲಿ.