ನೀರಿನೊಳಗಿಂದ ಮಣ್ಣು ತಂದವರು ಯಾರು?

ಕೊಳ್ಳೇಗಾಲದಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: “ಮೊಮ್ಮಗಳಿಗೆ ವರಾಹನ ಕಥೆ ಹೇಳುತ್ತಿದ್ದೆ. ಅಮೆರಿಕದ ಮೂಲನಿವಾಸಿಗಳಲ್ಲೂ ಇಂಥ ಕಥೆ ಇದೆ ಅಜ್ಜಿ ಎಂದಳು. ಅದು ನಮ್ಮಿಂದಲೇ ಅಲ್ಲಿಗೆ ಹೋಗಿದ್ದಲ್ವಾ? ಇಲ್ಲಾ, ಲೋಕದ ಜನರೆಲ್ಲ ಒಂದೇ ಪ್ರಳಯ ಕಂಡಿದ್ದರಾ?”

ಮೇಡಂ, ನಿಮ್ಮ ಮೊಮ್ಮಗಳು ಹೇಳಿದ್ದು ನಿಜ. ಉತ್ತರ ಅಮೆರಿಕದ ಇರೊಕ್ವಾ ಜನರ ಕಥೆಯಲ್ಲಿ ಮೊದಲು ಕೆಳಗೆಲ್ಲ ಬರೀ ನೀರು. ಮೇಲಿನ ಲೋಕದಿಂದ ಒಬ್ಬ ಬಸುರಿ ಹೆಂಗಸು ಬೀಳುತ್ತಾಳೆ. ಹಕ್ಕಿಗಳು ಅವಳನ್ನು ರೆಕ್ಕೆಯ ಮೇಲೆ ಹಿಡಿಯುತ್ತವೆ. ಆದರೆ ಅವಳು ಕಾಲೂರಲು ನೆಲ ಬೇಕಲ್ಲ? ಪ್ರಾಣಿಗಳು ಒಂದೊಂದಾಗಿ ಮುಳುಗಿ ಸೋಲುತ್ತವೆ. ಕೊನೆಗೆ ಮಸ್ಕ್‌ರ‍್ಯಾಟ್ ಎಂಬ, ಇಲಿಯ ಜಾತಿಯ ಪುಟ್ಟ ಪ್ರಾಣಿ ಚೂರು ಮಣ್ಣು ತರುತ್ತದೆ. ಕೆಲವರು ಹೇಳುವಂತೆ, ಮೇಲೆ ಬರುವಷ್ಟರಲ್ಲಿ ಅದು ಸತ್ತಿರುತ್ತದೆ. ಆ ಮಣ್ಣನ್ನು ಆಮೆಯ ಬೆನ್ನಿಗೆ ಹಚ್ಚಿದಾಗ ಅದೇ ಬೆಳೆದು ಭೂಮಿಯಾಗುತ್ತದೆ.

ಅಷ್ಟು ದೂರ ಯಾಕೆ, ನಮ್ಮ ದೇಶದ ಸಂತಾಲರ ಕಥೆ ಕೇಳಿ. ಜಾರ್ಖಂಡ್, ಬಂಗಾಳ, ಒಡಿಶಾ ಕಡೆಯ ಜನ ಅವರು. ಅಲ್ಲೂ ಮೊದಲಿಗೆ ನೀರೇ. ಠಾಕುರ್ ಜಿಯು ಎಂಬ ದೇವರು ಎರಡು ಹಕ್ಕಿಗಳನ್ನು ಮಾಡುತ್ತಾನೆ. ಅವಕ್ಕೆ ಕೂರಲು ಜಾಗವಿಲ್ಲ. ಮೊಸಳೆ, ಸಿಗಡಿ, ಏಡಿ ಎಲ್ಲವೂ ಮಣ್ಣು ತರಲು ಹೋಗುತ್ತವೆ. ತಂದ ಮಣ್ಣು ದಾರಿಯಲ್ಲೇ ಕರಗಿಹೋಗುತ್ತದೆ. ಆಗ ಎರೆಹುಳು ತಳದ ಮಣ್ಣನ್ನು ತಿಂದು, ಆಮೆಯ ಬೆನ್ನಿನ ಮೇಲೆ ಹೊರಹಾಕುತ್ತದೆ. ಹಾಗೆ ನೆಲವಾಯಿತು. ಆಮೇಲೆ ಆ ಹಕ್ಕಿಗಳ ಮೊಟ್ಟೆಯಿಂದ ಮೊದಲ ಗಂಡು ಹೆಣ್ಣು, ಪಿಲ್ಚು ಹಡಾಮ್ ಮತ್ತು ಪಿಲ್ಚು ಬುಢಿ ಹುಟ್ಟುತ್ತಾರೆ. ನನಗೆ ಗೊತ್ತಿರುವ ಸೃಷ್ಟಿಕಥೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಹೊಲದಲ್ಲಿ ಎರೆಹುಳು ಮಾಡುವ ಕೆಲಸವನ್ನು ದಿನಾ ನೋಡಿದವರು ಮಾತ್ರ ಕಟ್ಟಬಲ್ಲ ಕಥೆ.

ಇನ್ನು ನಿಮ್ಮ ಪ್ರಶ್ನೆ. ನಮ್ಮಿಂದ ಅಮೆರಿಕಕ್ಕೆ ಹೋಯಿತು ಎನ್ನಲು ಆಗುವುದಿಲ್ಲ. ಸೈಬೀರಿಯಾದಿಂದ ಅಲಾಸ್ಕಾ ಕಡೆಗೆ ಜನ ದಾಟಿದ್ದು ಹಿಮಯುಗದಲ್ಲಿ, ಇವತ್ತಿಗೆ ಸುಮಾರು 15,000 ವರ್ಷ ಅಥವಾ ಅದಕ್ಕೂ ಹಿಂದೆ. ಆಗ ವೇದಗಳೇ ಇರಲಿಲ್ಲ. ಮುಳುಗಿ ಮಣ್ಣು ತರುವ ಕಥೆ ಸೈಬೀರಿಯಾದಲ್ಲೂ ಉತ್ತರ ಅಮೆರಿಕದಲ್ಲೂ ದಟ್ಟವಾಗಿ ಸಿಗುತ್ತದೆ. ಅದು ಆ ಜನರ ಜೊತೆಗೇ ನಡೆದುಹೋಗಿರಬಹುದು ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ನನಗೂ ಅದು ಒಪ್ಪಿಗೆಯಾಗುತ್ತದೆ.

ಒಂದೇ ಪ್ರಳಯ ಬೇಕೇ ಬೇಕು ಅಂತಲೂ ಇಲ್ಲ. ಈಜಿಪ್ಟಿನಲ್ಲಿ ವರ್ಷ ವರ್ಷ ನೈಲ್ ಉಕ್ಕಿ ಇಳಿಯುತ್ತಿತ್ತು, ನೀರಿನಿಂದ ಮಣ್ಣಿನ ದಿಬ್ಬ ಏಳುವುದನ್ನು ಜನ ನೋಡುತ್ತಿದ್ದರು. ಅವರ ಸೃಷ್ಟಿಯೂ ಹಾಗೇ ಶುರುವಾಗುತ್ತದೆ, ನೂನ್ ಎಂಬ ನೀರಿನಿಂದ ಎದ್ದ ದಿಬ್ಬದಿಂದ. ಬ್ಯಾಬಿಲೋನಿನವರ ಕಥೆಯಲ್ಲಿ ಸಿಹಿನೀರು, ಉಪ್ಪುನೀರು ಬೆರೆತು ದೇವರುಗಳು ಹುಟ್ಟುತ್ತಾರೆ. ಅವರದು ದೊಡ್ಡ ನದಿಗಳು ಸಮುದ್ರ ಸೇರುವ ನಾಡು.

ಹೋಲಿಕೆ ಕಂಡ ಕೂಡಲೇ ‘ಯಾರದು ಮೊದಲು’ ಎಂದು ಕೇಳುವುದು ಸಹಜ. ಆದರೆ ‘ಮುಳುಗಿದವರು ಯಾರು’ ಎಂದು ಕೇಳಿದರೆ ಜಾಸ್ತಿ ತಿಳಿಯುತ್ತದೆ. ಶತಪಥ ಬ್ರಾಹ್ಮಣ ಎಂಬ ವೇದಕಾಲದ ಗ್ರಂಥದಲ್ಲಿ ಭೂಮಿ ಬರೀ ಗೇಣುದ್ದ ಇತ್ತಂತೆ. ಅದನ್ನು ಎತ್ತಿದ ಹಂದಿಯ ಹೆಸರು ಏಮೂಷ. ಅಲ್ಲಿ ವಿಷ್ಣುವಿನ ಮಾತಿಲ್ಲ, ಪ್ರಜಾಪತಿಯ ಮಾತಿದೆ. ಮುಂದೆ ಅದು ವಿಷ್ಣುವಿನ ಅವತಾರವಾಯಿತು, ರಾಜರಿಗೆ ಪ್ರಿಯವಾಯಿತು. ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೇ ಗುಹೆಯಲ್ಲಿ ಭೂದೇವಿಯನ್ನು ಎತ್ತಿದ ವರಾಹನನ್ನು ನೀವೂ ನೋಡಿರಬಹುದು. ಚಾಲುಕ್ಯರಿಗೂ ವಿಜಯನಗರದವರಿಗೂ ವರಾಹವೇ ಲಾಂಛನ. ಚಿನ್ನದ ನಾಣ್ಯಕ್ಕೂ ಅದೇ ಹೆಸರು. ಭೂಮಿಯನ್ನು ಕಾಪಾಡಿದವನೇ ಭೂಮಿಯ ಒಡೆಯ ಎಂದು ರಾಜರು ಹೇಳಿಕೊಂಡರು. ಎರೆಹುಳುವನ್ನು ಯಾವ ರಾಜನೂ ಲಾಂಛನ ಮಾಡಿಕೊಳ್ಳಲಿಲ್ಲ. ಅದು ಉಳುವವರ ಕಥೆಯಾಗಿಯೇ ಉಳಿಯಿತು.

ಇನ್ನೊಂದು ಹೋಲಿಕೆಯನ್ನೂ ಹೀಗೇ ನೋಡಬೇಕು. ಒಂದು ದೊಡ್ಡ ದೇಹವೇ ಲೋಕವಾಯಿತು ಎಂಬ ಕಥೆ ಹಲವು ಕಡೆ ಇದೆ. ಸ್ಕ್ಯಾಂಡಿನೇವಿಯಾದಲ್ಲಿ ಯೂಮಿರ್ ಎಂಬ ದೈತ್ಯನ ಮೂಳೆ ಬೆಟ್ಟವಾಗುತ್ತದೆ, ತಲೆಬುರುಡೆ ಆಕಾಶವಾಗುತ್ತದೆ. ಚೀನಾದಲ್ಲಿ ಪಾಂಗುವಿನ ಉಸಿರು ಗಾಳಿ, ಕಣ್ಣುಗಳು ಸೂರ್ಯ ಚಂದ್ರ, ಮೈಮೇಲಿನ ಹುಳುಗಳು ಮನುಷ್ಯರು. ಋಗ್ವೇದದ ಪುರುಷಸೂಕ್ತದಲ್ಲೂ ಕಣ್ಣಿನಿಂದಲೇ ಸೂರ್ಯ. ಆದರೆ ಅಲ್ಲಿ ಬಾಯಿ, ತೋಳು, ತೊಡೆ, ಪಾದ ಎಂದು ಮನುಷ್ಯರನ್ನೇ ನಾಲ್ಕು ಪಾಲು ಮಾಡಲಾಗಿದೆ. ಪಾಂಗುವಿನ ಕಥೆಯಲ್ಲಿ ಈ ಪಾಲಿಲ್ಲ. ಬ್ಯಾಬಿಲೋನಿನಲ್ಲಂತೂ ದೇವರುಗಳ ದುಡಿಮೆಯ ಭಾರ ಹೊರಲೆಂದೇ ಮನುಷ್ಯನನ್ನು ಮಾಡುತ್ತಾರೆ, ಸೋತ ದೇವರೊಬ್ಬನ ರಕ್ತದಿಂದ. ಲೋಕ ಹೇಗಾಯಿತು ಎನ್ನುವ ನೆಪದಲ್ಲಿ ಯಾರು ಎಲ್ಲಿರಬೇಕು ಎಂದೂ ಈ ಕಥೆಗಳು ಹೇಳಿಬಿಡುತ್ತವೆ. ಆ ಮಾತಿಗೆ ನಮ್ಮ ನಾಡಿನಲ್ಲಿ ಎಷ್ಟು ತಲೆಮಾರು ಬೆಲೆ ತೆತ್ತಿವೆ! ಬರೀ ಹೋಲಿಕೆ ನೋಡಿ ಖುಷಿಪಟ್ಟು ಮುಂದೆ ಹೋದರೆ ಇದು ಕಣ್ಣಿಗೇ ಬೀಳುವುದಿಲ್ಲ.

ಮೊಮ್ಮಗಳಿಗೆ ವರಾಹನ ಕಥೆ ಖಂಡಿತ ಹೇಳಿ, ಜೊತೆಗೆ ಎರೆಹುಳುವಿನ ಕಥೆಯನ್ನೂ ಹೇಳಿ. ಹೇಗೂ ನೀವಿರುವುದು ಮಂಟೇಸ್ವಾಮಿ, ಮಾದಪ್ಪನ ಸೀಮೆಯಲ್ಲಿ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವೂ ಲೋಕ ಹುಟ್ಟಿದ ಕಥೆಯಿಂದಲೇ ಶುರುವಾಗುತ್ತದೆ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಬರುತ್ತದೆ. ನಿಮ್ಮ ಕಡೆಯ ನೀಲಗಾರರು ಅದನ್ನು ಹೇಗೆ ಹಾಡುತ್ತಾರೆ, ಕೇಳಿ ಬರೆದು ಕಳಿಸಿ. ಹಾಡಿದವರ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲೇ ಪ್ರಕಟಿಸುತ್ತೇವೆ.

– ಸಂಪಾದಕ