ಲಿಸ್ಟ್‌ಬಾಕ್ಸ್‌ನಲ್ಲಿ ಆರಿಸಿದ ಬೆಳೆಗಳನ್ನು ಕಾಮಾ ಹಾಕಿ ಒಂದೇ ಕಾಲಂಗೆ ತುಂಬಬೇಡಿ

ಸರ್, ನಿಮ್ಮ ಸ್ಕ್ರೀನ್‌ಶಾಟ್ ನೋಡಿದೆ. ಮಂಡ್ಯದ ಗೊಬ್ಬರದ ಅಂಗಡಿಗೆ, ಯಾವ ರೈತರು ಯಾವ ಬೆಳೆ ಬೆಳೆಯುತ್ತಾರೆ ಅಂತ ಬರೆದಿಡಲು, ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್‌ನಲ್ಲಿ ಫಾರಂ ಮಾಡಿದ್ದೀರಿ. ಬೆಳೆಗಳ ಲಿಸ್ಟ್‌ಬಾಕ್ಸ್‌ನಲ್ಲಿ (ಪಟ್ಟಿಯಿಂದ ಆರಿಸುವ ಪೆಟ್ಟಿಗೆ) ಮೂರ್ನಾಲ್ಕು ಆರಿಸಿದರೆ ರಿಪೋರ್ಟ್ ಖಾಲಿ ಬರುತ್ತದೆ ಅಂತ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ನನಗೆ ಗಾಬರಿಯಾಗಿದ್ದು ನಿಮ್ಮ ಟೇಬಲ್ ನೋಡಿ. 'ಬೆಳೆ' ಅನ್ನೋ ಒಂದೇ ಕಾಲಂನಲ್ಲಿ ಬೆಳೆಗಳ ಐಡಿ ನಂಬರ್‌ಗಳನ್ನು '4,11,7' ಅಂತ ತುಂಬಿದ್ದೀರಿ. ಹಳೆ ರೆಕಾರ್ಡ್‌ಗಳಲ್ಲಿ ನಂಬರ್ ಬದಲು ಹೆಸರೇ ಇದೆ. ನಿಮ್ಮ ಪ್ರಶ್ನೆಗೆ ಮೇಲೆ ಉತ್ತರಿಸಿದ ಒಬ್ಬರು 'ಲೈಕ್ ಹಾಕಿ, ಎರಡೂ ಕಡೆ ಸ್ಟಾರ್ ಕೊಡಿ, ಸಾಕು' ಅಂದಿದ್ದಾರೆ, ಅಂದರೆ ಹುಡುಕುವ ನಂಬರ್ ಕಾಲಂನಲ್ಲಿ ಎಲ್ಲೇ ಇದ್ದರೂ ಹಿಡಿಯುವ ಹುಡುಕಾಟ. ದಯವಿಟ್ಟು ಅದನ್ನು ಮಾಡಬೇಡಿ.

ನಾನು ಇದನ್ನೇ ಮಾಡಿದ್ದೆ, ಮದ್ದೂರು ಕಡೆಯ ಒಂದು ಅಂಗಡಿಗೆ. ಭತ್ತ 1, ಕಬ್ಬು 2, ಹೀಗೆ ಹೋಗಿ ಹಿಪ್ಪುನೇರಳೆ 11. ಭತ್ತದವರನ್ನು ಹುಡುಕಲು ಸ್ಟಾರ್ 1 ಸ್ಟಾರ್ ಅಂತ ಲೈಕ್ ಕೊಟ್ಟಿದ್ದೆ. 11ರಲ್ಲೂ 1 ಇದೆ ಅಲ್ವಾ? ಹಿಪ್ಪುನೇರಳೆಯವರೆಲ್ಲ ಭತ್ತದ ಪಟ್ಟಿಗೆ ಬಂದು ಕೂತರು. ಭತ್ತದ ಕಾಂಡ ಕೊರೆಯುವ ಹುಳುವಿನ ಕಾಲದಲ್ಲಿ ಅಂಗಡಿಯವರು ಆ ಪಟ್ಟಿಗೆ ಮೆಸೇಜ್ ಕಳಿಸಿದರು: 'ನಿಮ್ಮ ಬೆಳೆಗೆ ಈ ವಾರ ಔಷಧಿ ಹೊಡೆಯಿರಿ, ಸ್ಟಾಕ್ ಬಂದಿದೆ.' ಮಾರನೇ ದಿನ ಒಬ್ಬ ಹಿರಿಯರು ಅಂಗಡಿಗೆ ಬಂದರು. ಫೋನನ್ನು ಕೌಂಟರ್ ಮೇಲಿಟ್ಟು, 'ಮನೇಲಿ ರೇಷ್ಮೆ ಹುಳ ಹಣ್ಣಾಗೋ ಹೊತ್ತು, ಸೊಪ್ಪಿಗೆ ಔಷಧಿ ಹೊಡಿ ಅಂತೀರಲ್ಲಪ್ಪ' ಅಂದರು. ಔಷಧಿ ಬಿದ್ದ ಸೊಪ್ಪು ಹಾಕಿದರೆ ರೇಷ್ಮೆ ಹುಳು ಸಾಯುತ್ತದೆ. ಅವರು ತಿಳಿದವರು, ಹೊಡೆಯದೆ ಕೇಳಲು ಬಂದರು. ನಾನು ಪಕ್ಕದಲ್ಲೇ ಕಂಪ್ಯೂಟರ್ ಮುಂದೆ ಕೂತಿದ್ದೆ. ತಪ್ಪು ನನ್ನ ಒಂದೇ ಸಾಲಿನ ಕೋಡ್‌ನದು ಅಂತ ಗೊತ್ತಾಗಲು ಹತ್ತು ನಿಮಿಷ ಹಿಡಿಯಿತು. ಅದಕ್ಕೇ ಇಷ್ಟು ಬಿಗಿಯಾಗಿ ಹೇಳುತ್ತಿದ್ದೇನೆ.

ಹಿಂದೆ ಮುಂದೆ ಕಾಮಾ ಸೇರಿಸಿ ಹುಡುಕಿದರೆ 1 ಬೇರೆ, 11 ಬೇರೆ ಆಗುತ್ತದೆ, ನಿಜ. ಆದರೆ ಹುಡುಕಾಟವನ್ನು ಬೇಗ ಮಾಡುವ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಯಾವ ಬೆಳೆ ಎಷ್ಟು ಜನ ಅಂತ ಎಣಿಸಲು ಒದ್ದಾಡಬೇಕು. ಬೆಳೆ ಟೇಬಲ್‌ನಿಂದ 7 ಅಳಿಸಿದರೂ ರೈತರ ಸಾಲಿನಲ್ಲಿ 7 ಹಾಗೇ ಉಳಿಯುತ್ತದೆ.

ರೈತರದು, ಬೆಳೆಯದು ಬಿಟ್ಟು ಮೂರನೇ ಟೇಬಲ್ ಮಾಡಿ. ರೈತರ ಐಡಿ, ಬೆಳೆ ಐಡಿ, ಎರಡೇ ಕಾಲಂ, ಎರಡೂ ಸೇರಿ ಪ್ರೈಮರಿ ಕೀ (ಪ್ರತಿ ಸಾಲಿನ ಗುರುತು, ಎರಡು ಸಲ ಬರುವಂತಿಲ್ಲ). ಒಬ್ಬರಿಗೆ ಮೂರು ಬೆಳೆ ಇದ್ದರೆ ಮೂರು ಸಾಲು. ಆಕ್ಸೆಸ್ 2007ರಲ್ಲಿ ಬಂದ, ಒಂದೇ ಕಾಲಂನಲ್ಲಿ ಹಲವನ್ನು ಇಡುವ ಮಲ್ಟಿ ವ್ಯಾಲ್ಯೂ ಫೀಲ್ಡ್ ಇದೆಯಲ್ಲ ಅನ್ನಬಹುದು. ಅದೂ ಒಳಗೆ ಇಂಥದ್ದೇ ಟೇಬಲ್, ನಮಗೆ ಕಾಣದ ಹಾಗೆ ಇಟ್ಟಿರುತ್ತದೆ. ನಾಳೆ ಡೇಟಾವನ್ನು ಎಸ್‌ಕ್ಯೂಎಲ್ ಸರ್ವರ್‌ಗೋ ಮೈಎಸ್‌ಕ್ಯೂಎಲ್‌ಗೋ ಸಾಗಿಸುವಾಗ ಕಣ್ಣೀರು ಬರುತ್ತದೆ. ನಾನಂತೂ ಮುಟ್ಟುವುದಿಲ್ಲ.

ಈಗ ಖಾಲಿ ರಿಪೋರ್ಟ್. ಕ್ವೆರಿಯ (ಡೇಟಾ ಹುಡುಕುವ ಆಜ್ಞೆ) ಕ್ರೈಟೀರಿಯಾದಲ್ಲಿ, ಅಂದರೆ ಷರತ್ತಿನಲ್ಲಿ, ನೇರವಾಗಿ ಲಿಸ್ಟ್‌ಬಾಕ್ಸ್ ಹೆಸರು ಕೊಟ್ಟಿದ್ದೀರಿ. ಹಲವನ್ನು ಆರಿಸಲು ಬಿಡುವ ಮಲ್ಟಿಸೆಲೆಕ್ಟ್ ಸೆಟ್ಟಿಂಗ್ ಸಿಂಪಲ್ ಅಥವಾ ಎಕ್ಸ್‌ಟೆಂಡೆಡ್ ಆದರೆ ಲಿಸ್ಟ್‌ಬಾಕ್ಸ್‌ನ ವ್ಯಾಲ್ಯೂ ಯಾವಾಗಲೂ ನಲ್ (ಖಾಲಿ), ಒಂದೇ ಬೆಳೆ ಆರಿಸಿದರೂ ಅಷ್ಟೇ. ಕೋಡ್‌ನಲ್ಲಿ, ಆರಿಸಿದ ಸಾಲುಗಳ ಪಟ್ಟಿಯಾದ ಐಟಮ್ಸ್‌ಸೆಲೆಕ್ಟೆಡ್ ಮೇಲೆ ಫಾರ್ ಈಚ್ ಲೂಪ್ ಹಾಕಿ ಒಂದೊಂದನ್ನೇ ತೆಗೆಯಿರಿ. ಅದು ಕೊಡುವುದು ಸಾಲಿನ ನಂಬರ್, ಐಡಿ ಅಲ್ಲ. ಆ ನಂಬರನ್ನು ಐಟಮ್‌ಡೇಟಾಗೆ ಕೊಟ್ಟರೆ ಬೌಂಡ್ ಕಾಲಂನ (ಲಿಸ್ಟ್‌ಬಾಕ್ಸ್ ತನ್ನ ವ್ಯಾಲ್ಯೂ ತೆಗೆದುಕೊಳ್ಳುವ ಕಾಲಂ, ಇಲ್ಲಿ ಬೆಳೆ ಐಡಿ) ವ್ಯಾಲ್ಯೂ ಬರುತ್ತದೆ. ಬೌಂಡ್ ಕಾಲಂ ಎಣಿಕೆ 1ರಿಂದ, ಕೋಡ್‌ನಲ್ಲಿ ಬರೆಯುವ ಕಾಲಂ ಎಣಿಕೆ 0ಯಿಂದ. ಇಲ್ಲಿ ಎಡವದವರೇ ಇಲ್ಲ. ಕಾಲಂ ಹೆಡ್ಸ್ ಆನ್ ಇದ್ದರೆ 0ನೇ ಸಾಲು ತಲೆಬರಹ, ಲಿಸ್ಟ್‌ಕೌಂಟ್ ಅದನ್ನೂ ಎಣಿಸುತ್ತದೆ. ನಾನು ಅದನ್ನು ಆಫ್ ಮಾಡಿ ಮೇಲೆ ಲೇಬಲ್ ಇಡುತ್ತೇನೆ.

ಸಿಕ್ಕ ಐಡಿಗಳನ್ನು ಕಾಮಾ ಹಾಕಿ ಸೇರಿಸಿ 'ಇನ್' ಪಟ್ಟಿ (ಇವುಗಳಲ್ಲಿ ಯಾವುದಾದರೂ ಅನ್ನುವ ಷರತ್ತು) ಮಾಡಿ, ರಿಪೋರ್ಟ್ ತೆರೆಯುವ ಓಪನ್‌ರಿಪೋರ್ಟ್‌ನ ವೇರ್ ಕಂಡೀಷನ್‌ಗೆ ಕೊಡಿ. ಕೊನೆಯ ಕಾಮಾ ಕತ್ತರಿಸಿ. ಏನೂ ಆರಿಸದಿದ್ದರೆ ಖಾಲಿ ಬ್ರಾಕೆಟ್ ಹೋಗಿ ಎರರ್ ಬರುತ್ತದೆ, ಕೌಂಟ್ ಮೊದಲೇ ನೋಡಿ. ಮೂರನೇ ಟೇಬಲನ್ನು ರಿಪೋರ್ಟ್‌ಗೆ ನೇರ ಜಾಯಿನ್ ಮಾಡಬೇಡಿ. ಭತ್ತ, ಕಬ್ಬು ಎರಡೂ ಇರುವ ರೈತ ಎರಡು ಸಲ ಬರುತ್ತಾನೆ. 'ರೈತರ ಐಡಿ ಇನ್' ಅಂತ ಬರೆದು ಒಳಗೆ, ಆ ಬೆಳೆಗಳಿರುವ ರೈತರ ಐಡಿಗಳನ್ನು ಮೂರನೇ ಟೇಬಲ್‌ನಿಂದ ತರುವ ಸಬ್‌ಕ್ವೆರಿ ಹಾಕಿ. ಎರಡೂ ಬೆಳೆ ಇರುವವರೇ ಬೇಕು ಅಂದರೆ ಮಾತ್ರ ರೈತರ ಐಡಿ ಮೇಲೆ ಗ್ರೂಪ್ ಬೈ ಮಾಡಿ, ಒಬ್ಬೊಬ್ಬರ ಸಾಲುಗಳ ಎಣಿಕೆ ಆರಿಸಿದ ಬೆಳೆಗಳ ಸಂಖ್ಯೆಗೆ ಸಮ ಇರಲಿ.

ಬೆಳೆಯ ಹೆಸರು ಇಟ್ಟು ಇನ್ ಪಟ್ಟಿ ಮಾಡಬೇಡಿ, ಐಡಿ ಇಡಿ. ಆಕ್ಸೆಸ್‌ನ ಕೋಡ್ ಬರೆಯುವ ವಿಬಿಎ ಎಡಿಟರ್‌ನಲ್ಲಿ ಕನ್ನಡ ಟೈಪ್ ಮಾಡಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಸಂದೇಶ ತೋರಿಸುವ ಎಂಎಸ್‌ಜಿಬಾಕ್ಸ್‌ನಲ್ಲೂ ಅದೇ ಕಥೆ. ಡೇಟಾ ಹಾಳಾಯಿತು ಅಂತ ಹೆದರಬೇಡಿ, ಟೇಬಲ್‌ನಲ್ಲಿ ಯೂನಿಕೋಡ್ ಸರಿಯಾಗೇ ಇರುತ್ತದೆ. ನುಡಿಯ ಹಳೆ ಆಸ್ಕಿ ಫಾಂಟ್‌ನಲ್ಲಿ ತುಂಬಿದ ಹೆಸರಿದ್ದರೆ ಈಗಲೇ ಯೂನಿಕೋಡ್‌ಗೆ ಬದಲಿಸಿ, ಇಲ್ಲದಿದ್ದರೆ ಅಕಾರಾದಿಯಲ್ಲಿ ಜೋಡಿಸಲು ಆಗುವುದೇ ಇಲ್ಲ. ತಾರೀಖಿನ ಫಿಲ್ಟರನ್ನೂ ಸೇರಿಸುವುದಾದರೆ ಎರಡು ಹ್ಯಾಶ್ ನಡುವೆ ತಿಂಗಳು ಮೊದಲು, ದಿನ ಆಮೇಲೆ. ನಮ್ಮ ರೂಢಿಯಲ್ಲಿ 05/06 ಅಂತ ಕೊಟ್ಟರೆ ಜೂನ್ 5 ಹೋಗಿ ಮೇ 6 ಆಗುತ್ತದೆ.

ಸೇವ್ ಮಾಡುವ ಬಟನ್‌ಗೆ ನನ್ನ ಕ್ರಮ ಹೀಗೆ. ಮೊದಲು ರೈತರ ರೆಕಾರ್ಡ್ ಸೇವ್ ಆಗಲಿ, ಅದಕ್ಕೆ ಕೋಡ್‌ನಲ್ಲಿ ಮಿ ಡರ್ಟಿ ಫಾಲ್ಸ್. ಇಲ್ಲದಿದ್ದರೆ ಹೊಸ ರೈತರಿಗೆ 3201 ಎರರ್ (ಸಂಬಂಧಿಸಿದ ರೆಕಾರ್ಡ್ ಇಲ್ಲ ಅಂತ) ಬರುತ್ತದೆ. ಆಮೇಲೆ ಬಿಗಿನ್‌ಟ್ರಾನ್ಸ್ (ಇಲ್ಲಿಂದ ಮುಂದಿನದೆಲ್ಲ ಒಟ್ಟಿಗೆ ಆಗಬೇಕು, ಇಲ್ಲವೇ ಯಾವುದೂ ಆಗಬಾರದು), ಆ ರೈತರ ಹಳೆ ಸಾಲುಗಳು ಡಿಲೀಟ್, ಆರಿಸಿದ್ದೆಲ್ಲ ಇನ್ಸರ್ಟ್, ಕಮಿಟ್. ಎರರ್ ಬಂದರೆ ರೋಲ್‌ಬ್ಯಾಕ್, ಮಾಡಿದ್ದೆಲ್ಲ ರದ್ದು. ಈ ಡಿಲೀಟ್, ಇನ್ಸರ್ಟ್ ಓಡಿಸುವ ಎಕ್ಸಿಕ್ಯೂಟ್‌ಗೆ ಡಿಬಿಫೇಲ್‌ಆನ್‌ಎರರ್ ಕೊಡಲೇಬೇಕು, ಇಲ್ಲದಿದ್ದರೆ ಸಾಲು ಸೇರದಿದ್ದರೂ ಸುಮ್ನೆ ಮುಂದೆ ಹೋಗುತ್ತದೆ. ಡಿಲೀಟ್ ಆಗಿ ಇನ್ಸರ್ಟ್ ನಡುವೆ ಕರೆಂಟ್ ಹೋದರೆ ಏನು ಗತಿ? ಕಂಪ್ಯೂಟರ್‌ಗೆ ಯುಪಿಎಸ್ ಇಲ್ಲ ಅಂದರೆ ಮೊದಲು ಅದನ್ನು ತನ್ನಿ.

ಒಬ್ಬ ರೈತರ ರೆಕಾರ್ಡ್‌ನಿಂದ ಇನ್ನೊಬ್ಬರದಕ್ಕೆ ಹೋದಾಗ ಲಿಸ್ಟ್‌ಬಾಕ್ಸ್‌ನಲ್ಲಿ ಆರಿಸಿದ ಹಳೆ ಗುರುತು ಅಳಿಸಿ ಹೊಸದು ಹಾಕುವ ಕೋಡ್, ಆಗ ತಾನಾಗಿ ಓಡುವ ಫಾರಂನ 'ಕರೆಂಟ್' ಈವೆಂಟ್‌ನಲ್ಲಿ ಇರಲಿ. ಅಳಿಸಲು ಐಟಮ್ಸ್‌ಸೆಲೆಕ್ಟೆಡ್ ಮೇಲೆ ಲೂಪ್ ಬೇಡ. ಅಳಿಸುತ್ತಾ ಹೋದ ಹಾಗೆ ಆ ಪಟ್ಟಿಯೇ ಬದಲಾಗುತ್ತದೆ. 0ಯಿಂದ ಲಿಸ್ಟ್‌ಕೌಂಟ್‌ಗೆ ಒಂದು ಕಡಿಮೆವರೆಗೆ ಹೋಗಿ ಸೆಲೆಕ್ಟೆಡ್ ಫಾಲ್ಸ್ ಮಾಡಿ. ಈ ಲಿಸ್ಟ್‌ಬಾಕ್ಸ್ ಅನ್‌ಬೌಂಡ್ (ಟೇಬಲ್‌ನ ಯಾವ ಕಾಲಂಗೂ ಜೋಡಿಸಿಲ್ಲ) ಆದ್ದರಿಂದ ಗುರುತು ಬದಲಿಸಿದರೂ ಫಾರಂಗೆ ಗೊತ್ತಾಗುವುದಿಲ್ಲ. ಸೇವ್ ಒತ್ತದೆ ಮುಂದಿನ ರೈತರಿಗೆ ಹೋದರೆ ಹೋಯಿತು.

ಮಲ್ಟಿಸೆಲೆಕ್ಟ್‌ನಲ್ಲಿ ಎಕ್ಸ್‌ಟೆಂಡೆಡ್ ಬಿಟ್ಟು ಸಿಂಪಲ್ ಇಡಿ. ಎಕ್ಸ್‌ಟೆಂಡೆಡ್‌ನಲ್ಲಿ ಕಂಟ್ರೋಲ್ ಒತ್ತದೆ ಕ್ಲಿಕ್ ಮಾಡಿದರೆ ಹಿಂದೆ ಆರಿಸಿದ್ದೆಲ್ಲ ಹೋಗುತ್ತದೆ. ಕೌಂಟರ್‌ನಲ್ಲಿ ಒಂದು ಕೈಯಲ್ಲಿ ಬಿಲ್ ಹಿಡಿದ ಹುಡುಗ ಕಂಟ್ರೋಲ್ ಎಲ್ಲಿ ಒತ್ತುತ್ತಾನೆ? ಇದನ್ನು ಡಿಸೈನ್ ವ್ಯೂನಲ್ಲೇ ಬದಲಿಸಬೇಕು, ಓಡುವ ಫಾರಂನಲ್ಲಿ ಕೋಡ್‌ನಿಂದ ಆಗುವುದಿಲ್ಲ.

ಆಕ್ಸೆಸ್ ಬದಲು ಲಿಬ್ರೆಆಫೀಸ್ ಬೇಸ್‌ಗೆ ಹೋಗಲಾ ಅಂತಲೂ ಕೇಳಿದ್ದೀರಿ. ಕಾಸು ಕೊಡಬೇಕಿಲ್ಲ, ಆದರೆ ಈ ಕೋಡ್ ಅಲ್ಲಿ ಹಾಗೇ ಓಡುವುದಿಲ್ಲ, ರಿಪೋರ್ಟ್ ಮಾಡುವುದೂ ನನಗೆ ಕಷ್ಟವಾಯಿತು. ಆಕ್ಸೆಸ್ ಈಗಾಗಲೇ ಇದ್ದರೆ ಅಲ್ಲೇ ಇರಿ.

ಹಳೆ ಕಾಲಂ ಒಡೆಯುವ ಮುಂಚೆ ಫೈಲ್‌ನ ಕಾಪಿ ಪೆನ್‌ಡ್ರೈವ್‌ಗೆ ಹಾಕಿ. ಸ್ಪ್ಲಿಟ್‌ನಿಂದ ಕಾಮಾ ಇರುವಲ್ಲಿ ಒಡೆದು, ಟ್ರಿಮ್‌ನಿಂದ ಹಿಂದೆ ಮುಂದಿನ ಖಾಲಿ ಜಾಗ ತೆಗೆದು, ಬೇರೆ ಬೇರೆ ಹೆಸರುಗಳ ಪಟ್ಟಿಯನ್ನು ಒಂದು ಟೆಂಪ್ ಟೇಬಲ್‌ಗೆ ಮೊದಲು ತೆಗೆಯಿರಿ. ನನಗೆ ಭತ್ತ, ಬತ್ತ, ನೆಲ್ಲು, ಐಆರ್ 64 (ಭತ್ತದ ತಳಿ) ಎಲ್ಲ ಸಿಕ್ಕಿದ್ದವು, ನಾಲ್ಕೂ ಒಂದೇ ಬೆಳೆ. ಆ ಪಟ್ಟಿ ಪ್ರಿಂಟ್ ಮಾಡಿ ಅಂಗಡಿಯ ಹಳಬರ ಮುಂದಿಡಿ. ಯಾವುದು ಯಾವ ಐಡಿ ಅಂತ ಅವರೇ ಪೆನ್ನಲ್ಲಿ ಬರೆದುಕೊಡಲಿ. ಅದಾದ ಮೇಲೆ ಮೂರನೇ ಟೇಬಲ್‌ಗೆ ಇನ್ಸರ್ಟ್ ಓಡಿಸಿ.