ಡ್ರಾಯರಿನಲ್ಲಿ ಮಲಗಿರುವ ಮಾತ್ರೆ

ಪ್ರಶ್ನೆ: ಡಾಕ್ಟರೇ, ನನಗೆ 43 ವರ್ಷ. ಎರಡೂವರೆ ವರ್ಷದಿಂದ ಕತ್ತು, ಭುಜ, ಸೊಂಟ, ತೊಡೆ, ನೋಯದ ಜಾಗವೇ ಇಲ್ಲ. ಎಂಟು ಗಂಟೆ ಮಲಗಿದರೂ ರಾತ್ರಿಯೆಲ್ಲ ಮೂಟೆ ಹೊತ್ತವಳ ಹಾಗೆ ಏಳುತ್ತೇನೆ. ಲೆಕ್ಕ ಬರೆಯುವ ಕೆಲಸ ನನ್ನದು. ಈಗ ಒಂದೇ ಸಾಲನ್ನು ಮೂರು ಸಲ ಕೂಡಿದರೆ ಮೂರು ಮೊತ್ತ ಬರುತ್ತದೆ. ರಕ್ತಪರೀಕ್ಷೆ, ಥೈರಾಯ್ಡ್, ಎಕ್ಸ್‌ರೇ ಎಲ್ಲ ಸರಿಯಿವೆ. ಕಡೆಗೆ ಒಬ್ಬ ತಜ್ಞರು ಫೈಬ್ರೊಮಯಾಲ್ಜಿಯ ಎಂದು ಹೇಳಿ ಡುಲೋಕ್ಸೆಟಿನ್ 30 ಮಿ.ಗ್ರಾಂ ಬರೆದುಕೊಟ್ಟರು. ಅದು ಖಿನ್ನತೆಯ ಮಾತ್ರೆ ಎಂದು ಆಮೇಲೆ ಗೊತ್ತಾಯಿತು. ನಾಲ್ಕು ದಿನ ತೆಗೆದುಕೊಂಡೆ, ಹೊಟ್ಟೆ ತೊಳಸಿತು, ಬಿಟ್ಟೆ. ಉಳಿದದ್ದು ಡ್ರಾಯರಿನಲ್ಲಿದೆ. 'ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಬಿಡೋಕಾಗಲ್ಲ, ನೈಸರ್ಗಿಕವಾಗಿಯೇ ವಾಸಿ ಮಾಡ್ಕೋ' ಎಂದು ಅಕ್ಕ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಕ್ಯಾಪ್ಸೂಲ್ ತಂದುಕೊಟ್ಟಿದ್ದಾಳೆ. ಇನ್ನೂ ತೆರೆದಿಲ್ಲ. ತಡೆಯಲಾಗದಾಗ ಐಬುಪ್ರೊಫೆನ್ ನುಂಗುತ್ತೇನೆ, ಈಚೆಗೆ ಹೆಚ್ಚುಕಡಿಮೆ ದಿನವೂ. ಹೋದ ತಿಂಗಳು ಮೈ ಹಗುರ ಅನಿಸಿದ ದಿನ ಒಂದು ಗಂಟೆ ನಡೆದೆ. ಮುಂದಿನ ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ನನ್ನ ಗೊರಕೆ ತಾಳದೆ ಮನೆಯವರು ಪಕ್ಕದ ಕೋಣೆಗೆ ಹೋಗಿದ್ದಾರೆ, ಅದು ಬೇರೆ ವಿಷಯ. ಈಗ ಹೇಳಿ, ಮಾತ್ರೆಯೋ, ನೈಸರ್ಗಿಕ ದಾರಿಯೋ?
– ಹೆಸರು ಬೇಡ

ಉತ್ತರ: ನಿಮ್ಮ ಕಾಗದದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಐಬುಪ್ರೊಫೆನ್ ಮೇಲೆ. ಮಾತ್ರೆ ಬೇಕೋ ಬೇಡವೋ ಎಂದು ಕೇಳುತ್ತಿರುವ ನೀವು ದಿನವೂ ಮಾತ್ರೆ ನುಂಗುತ್ತಲೇ ಇದ್ದೀರಿ, ಅದೂ ಈ ಕಾಯಿಲೆಗೆ ಅಷ್ಟಾಗಿ ತಾಗದ ಮಾತ್ರೆ. ಐಬುಪ್ರೊಫೆನ್ ಉರಿಯೂತ ಇಳಿಸುವ ಔಷಧ. ಸಂಧಿವಾತದ ಗಂಟಿನಲ್ಲಿ ಇರುವಂಥ ಊತ ನಿಮ್ಮ ಭುಜದಲ್ಲೂ ಇಲ್ಲ, ತೊಡೆಯಲ್ಲೂ ಇಲ್ಲ. ಅದು ಇಳಿಸುವುದಾದರೂ ಏನನ್ನು? ದಿನವೂ ತಿಂದರೆ ಜಠರಕ್ಕೂ ಮೂತ್ರಪಿಂಡಕ್ಕೂ ಪೆಟ್ಟು ಬೀಳುವುದು ಮಾತ್ರ ನಿಜ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಎಂಬುದನ್ನು ನಿಮ್ಮ ತಜ್ಞರಿಗೆ ಬಿಡದೆ ಹೇಳಿ. ಡುಲೋಕ್ಸೆಟಿನ್ ಜೊತೆ ಸೇರಿದರೆ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ.

'ಎಲ್ಲ ಸರಿಯಿವೆ' ಎಂದು ಬರೆದಿದ್ದೀರಲ್ಲ, ಆ ಮಾತಿನ ಹಿಂದಿರುವ ಅಳುಕು ನನಗೆ ಗೊತ್ತು. ನಾನು ಈ ಕೆಲಸಕ್ಕೆ ಬಂದಾಗ ಈ ಕಾಯಿಲೆಯನ್ನು ಗುರುತಿಸಲು 1990ರ ಮಾನದಂಡ ನಡೆಯುತ್ತಿತ್ತು. ಮೈಮೇಲೆ ಗೊತ್ತುಮಾಡಿದ 18 ಜಾಗ, ಹೆಬ್ಬೆರಳಿನ ಉಗುರು ಬಿಳಿಚಿಕೊಳ್ಳುವಷ್ಟು, ಅಂದರೆ ಸುಮಾರು 4 ಕಿಲೊ ಭಾರದಷ್ಟು ಒತ್ತಬೇಕು. 11 ಕಡೆ ನೋವಾದರೆ ಫೈಬ್ರೊಮಯಾಲ್ಜಿಯ. 10 ಕಡೆ ನೋವು ಎಂದ ಒಬ್ಬಾಕೆಗೆ ನಾನು 'ನಿಮಗೇನೂ ಇಲ್ಲಮ್ಮ' ಎಂದುಬಿಟ್ಟಿದ್ದೆ. ಆಕೆ ಬಾಗಿಲ ಹತ್ತಿರ ಹೋಗಿ ತಿರುಗಿ, 'ಹನ್ನೊಂದನೇದು ನಾಳೆ ನೋಯಬಹುದು ಡಾಕ್ಟರೇ' ಅಂದರು. ಅವರು ಮತ್ತೆ ನನ್ನ ಬಳಿ ಬರಲಿಲ್ಲ. 2010ರಲ್ಲಿ ಬಂದ ಹೊಸ ಮಾನದಂಡಕ್ಕೆ ಈ ಒತ್ತಿ ಎಣಿಸುವ ಕೆಲಸ ಬೇಕಿಲ್ಲ. ನೋವು ಎಲ್ಲೆಲ್ಲಿದೆ, ನಿದ್ದೆ ಮಾಡಿ ಎದ್ದಾಗ ಹೇಗಿರುತ್ತದೆ, ಸುಸ್ತು ಎಷ್ಟು, ತಲೆ ಮಂಕಾಗುತ್ತದೆಯೇ ಎಂದು ಕೇಳಿ ತಿಳಿಯುತ್ತೇವೆ. ನಿಮ್ಮ ಮೂರು ಮೊತ್ತವೂ ಅದರಲ್ಲೇ ಬಂತು.

ಈ ಕಾಯಿಲೆಯಲ್ಲಿ ನೋವಿನ ಸುದ್ದಿಯನ್ನು ಬೆನ್ನುಹುರಿ, ಮಿದುಳು ಎರಡೂ ಇದ್ದದ್ದಕ್ಕಿಂತ ಜೋರಾಗಿ ಕೇಳಿಸಿಕೊಳ್ಳುತ್ತವೆ. ಆ ಸದ್ದನ್ನು ತಗ್ಗಿಸಲು ಮಿದುಳಿನಿಂದ ಕೆಳಗಿಳಿಯುವ ನರಗಳಿವೆ; ಅವು ಕೆಲಸ ಮಾಡುವುದು ಸಿರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳಿಂದ. ಡುಲೋಕ್ಸೆಟಿನ್ ಇವೆರಡನ್ನೂ ಹೆಚ್ಚಿಸುತ್ತದೆ. ಖಿನ್ನತೆ ಇಲ್ಲದವರಲ್ಲೂ ನೋವು ತಗ್ಗುವುದು ಅದಕ್ಕೇ. ಸಕ್ಕರೆ ಕಾಯಿಲೆಯವರ ಕಾಲುರಿಗೂ ಇದೇ ಮಾತ್ರೆ ಕೊಡುತ್ತೇವೆ. ನಿಮ್ಮ ತಜ್ಞರು ನಿಮ್ಮನ್ನು ಮನೋರೋಗಿ ಅಂದುಕೊಂಡಿಲ್ಲ. ಇಷ್ಟನ್ನು ಅವರು ಎರಡು ನಿಮಿಷ ಕೂತು ಹೇಳಿದ್ದರೆ ಆ ಮಾತ್ರೆ ಡ್ರಾಯರಿಗೆ ಹೋಗುತ್ತಿರಲಿಲ್ಲವೇನೋ.

ಹಾಗೆಂದು ಮಾತ್ರೆಯನ್ನು ಹೊಗಳಿ ಅಟ್ಟಕ್ಕೇರಿಸಲಾರೆ. ಹತ್ತು ಜನ ತೆಗೆದುಕೊಂಡರೆ, ಔಷಧವೇ ಇಲ್ಲದ ಬರೀ ಹುಸಿ ಮಾತ್ರೆಯಿಂದ ಆಗುವುದಕ್ಕಿಂತ ಹೆಚ್ಚಾಗಿ ದೊಡ್ಡ ಆರಾಮ ಸಿಗುವುದು ಸುಮಾರು ಒಬ್ಬರಿಗೆ. ಈ ಕಾಯಿಲೆಗೆ ಕೊಡುವ ಇನ್ನೊಂದು ಮಾತ್ರೆ ಪ್ರಿಗ್ಯಾಬಲಿನ್ ಕಥೆಯೂ ಹೆಚ್ಚುಕಡಿಮೆ ಅಷ್ಟೇ, ಜೊತೆಗೆ ತಲೆಸುತ್ತು, ತೂಕ ಏರುವುದು. ಆ ಒಬ್ಬರು ನೀವೇ ಇರಬಹುದು, ಅದನ್ನು ನಾಲ್ಕು ದಿನದಲ್ಲಿ ತಿಳಿಯಲಾಗದು. ಹೊಟ್ಟೆ ತೊಳಸುವುದು ಬಹುತೇಕರಿಗೆ ಒಂದೆರಡು ವಾರದಲ್ಲಿ ಅಡಗುತ್ತದೆ. ಊಟದ ಜೊತೆ ತೆಗೆದುಕೊಂಡರೆ ಇನ್ನೂ ಕಡಿಮೆ. ಪಿತ್ತಜನಕಾಂಗದ ತೊಂದರೆ, ಗ್ಲಾಕೋಮ ಎಂಬ ಕಣ್ಣಿನ ಕಾಯಿಲೆ, ಏರಿದ ರಕ್ತದೊತ್ತಡ ಇದ್ದರೆ ಮೊದಲೇ ಹೇಳಬೇಕು. ಮತ್ತೆ ಶುರು ಮಾಡುವುದಾದರೆ ಗಡುವು ಹಾಕಿಕೊಂಡು ಮಾಡಿ: ಸರಿಯಾದ ಪ್ರಮಾಣದಲ್ಲಿ ಮೂರು ತಿಂಗಳು, ಅಷ್ಟರಲ್ಲಿ ನಿದ್ದೆಯಲ್ಲೋ ನೋವಿನಲ್ಲೋ ನಿಮಗೇ ಎದ್ದುಕಾಣುವ ವ್ಯತ್ಯಾಸ ಆಗದಿದ್ದರೆ ನಿಲ್ಲಿಸೋಣ ಎಂದು ತಜ್ಞರೊಡನೆ ಮಾತಾಡಿಕೊಳ್ಳಿ. ನಿಮ್ಮ ಅಕ್ಕನ ಮಾತಿನಲ್ಲಿ ಅರ್ಧ ನಿಜವಿದೆ. ವಾರಗಟ್ಟಲೆ ತೆಗೆದುಕೊಂಡ ಮೇಲೆ ಥಟ್ಟನೆ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಆಗುತ್ತದೆ. ಪ್ರಮಾಣ ಇಳಿಸುತ್ತಾ ಬಂದರೆ ಬಿಡಬಹುದು, ಬಿಟ್ಟವರನ್ನು ನಾನೇ ನೋಡಿದ್ದೇನೆ.

ಅಕ್ಕ ಕೊಟ್ಟ ಕ್ಯಾಪ್ಸೂಲನ್ನು ಮಾತ್ರ ತೆರೆಯಬೇಡಿ. ಗಿಡದಿಂದ ಬಂದದ್ದಾದರೂ ಸೇಂಟ್ ಜಾನ್ಸ್ ವರ್ಟ್ ಕೂಡ ಸಿರೊಟೋನಿನ್ ಏರಿಸುತ್ತದೆ. ಡುಲೋಕ್ಸೆಟಿನ್ ಜೊತೆ ಸೇರಿದರೆ ಮೈನಡುಕ, ಬೆವರು, ಜ್ವರ, ಗೊಂದಲ, ಆಸ್ಪತ್ರೆ ಸೇರುವ ಮಟ್ಟಕ್ಕೂ ಹೋಗಬಹುದು. ಗರ್ಭನಿರೋಧಕ ಮಾತ್ರೆ, ರಕ್ತ ತೆಳುವಾಗಿಸುವ ಔಷಧಗಳ ಬಲವನ್ನೂ ಅದು ಕುಗ್ಗಿಸುತ್ತದೆ. ಡಬ್ಬಿಯಲ್ಲಿ ಬಂದದ್ದು ಏನೇ ಇರಲಿ, ಎಲೆಯ ಚಿತ್ರ ಅಂಟಿಸಿದ್ದರೂ, ನನ್ನ ಲೆಕ್ಕದಲ್ಲಿ ಅದು ಔಷಧವೇ.

ನಿಜವಾದ ನೈಸರ್ಗಿಕ ಮದ್ದು ನಿಮಗೆ ಗೊತ್ತಿರುವುದೇ, ನಡಿಗೆ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ 'ಮಾಡಲೇಬೇಕು' ಎಂದು ಬಲವಾಗಿ ಹೇಳಿದ್ದು ವ್ಯಾಯಾಮ ಒಂದಕ್ಕೇ. ಮಾತ್ರೆಗಳೆಲ್ಲ 'ನೋಡಬಹುದು' ಎಂಬ ಸಾಲಿನಲ್ಲಿವೆ. ನೀವು ತಪ್ಪಿದ್ದು ಪ್ರಮಾಣದಲ್ಲಿ. ಹಗುರಾದ ದಿನ ಒಂದು ಗಂಟೆ, ಆಮೇಲೆ ಮೂರು ದಿನ ಹಾಸಿಗೆ. ನನ್ನ ಬಳಿ ಬರುವ ಒಬ್ಬರು ಮೊಬೈಲಿನಲ್ಲಿ ಎರಡೂವರೆ ನಿಮಿಷಕ್ಕೆ ಅಲಾರಂ ಇಟ್ಟು ಮನೆಯಿಂದ ಹೊರಡುತ್ತಿದ್ದರು. ಅದು ಹೊಡೆದೊಡನೆ, ಎದುರಿಗೆ ಸಿಕ್ಕವರ ಮಾತು ಅರ್ಧದಲ್ಲಿದ್ದರೂ, ಹಿಂದಿರುಗುವುದು. ಒಟ್ಟು ಐದು ನಿಮಿಷ. ಮೈ ಹಗುರಾಗಿದ್ದರೂ ಐದೇ, ಭಾರವಾಗಿದ್ದರೂ ಐದೇ. ವಾರಕ್ಕೆ ಒಂದೋ ಎರಡೋ ನಿಮಿಷ ಸೇರಿಸಿ ನಾಲ್ಕು ತಿಂಗಳಲ್ಲಿ 25ಕ್ಕೆ ಮುಟ್ಟಿದರು. ಕಷ್ಟವಾದದ್ದು ನಡೆಯುವುದಲ್ಲವಂತೆ, ಇನ್ನೂ ನಡೆಯಬಲ್ಲೆ ಅನಿಸಿದಾಗ ತಿರುಗುವುದು. ಮೊದಲ ಕೆಲವು ವಾರ ನೋವು ತುಸು ಏರಬಹುದು, ಅದರಿಂದ ಸ್ನಾಯು ಹಾಳಾಗುವುದಿಲ್ಲ. ನಡಿಗೆ ಬೇಸರವಾದರೆ ತೈ ಚಿ ಎಂಬ ಚೀನಾದ ನಿಧಾನ ಚಲನೆಯ ವ್ಯಾಯಾಮ ನೋಡಿ: 226 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಸಾಮಾನ್ಯ ವ್ಯಾಯಾಮಕ್ಕಿಂತ ಹಿಂದೆ ಬೀಳಲಿಲ್ಲ.

ಹಾಗಾಗಿ 'ಇದೋ ಅದೋ' ಎಂಬ ಪ್ರಶ್ನೆಗೆ ನನ್ನ ಉತ್ತರ: ಐದು ನಿಮಿಷದ ನಡಿಗೆ ಇವತ್ತೇ ಶುರುವಾಗಲಿ. ಆರು ವಾರ ಕಳೆದರೂ ನೋವು, ನಿದ್ದೆಗೇಡು ನಿಮ್ಮನ್ನು ಬಾಗಿಲಾಚೆ ಬಿಡದಿದ್ದರೆ, ನಡೆಯಲು ಆಗುವ ಹಾಗೆ ಮಾಡುವುದಕ್ಕೆ ಮಾತ್ರೆ.

ನೀವು 'ಬೇರೆ ವಿಷಯ' ಎಂದ ಗೊರಕೆ ಬೇರೆ ವಿಷಯವಲ್ಲ. ಮಧ್ಯೆ ಉಸಿರು ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತೀರಾ ಎಂದು ಮನೆಯವರನ್ನು ಕೇಳಿ. ಹೌದು ಎಂದರೆ ನಿದ್ದೆಯ ಪರೀಕ್ಷೆ ಮೊದಲು ಆಗಬೇಕು. ಎಂಟು ಗಂಟೆ ಮಲಗಿಯೂ ಮೂಟೆ ಹೊತ್ತಂತಾಗುವುದಕ್ಕೆ ಅದೊಂದು ಕಾರಣವಿರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ಒಂದು ರಾತ್ರಿಯ ಮಟ್ಟಿಗೆ ಅವರು ಹಳೆಯ ಕೋಣೆಗೇ ಬಂದು ಮಲಗಲಿ.